ಪನಾಮಾದ ಹಾಯಿದೋಣಿಯಲ್ಲಿ ಓಬಕ್ಕ

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಒಂಬತ್ತು ವರ್ಷ ಓಬಕ್ಕನ ಪಕ್ಕದ ಮಷೀನು ನನ್ನದಾಗಿತ್ತು. ನಿದ್ದೆಗಣ್ಣಿನಲ್ಲಿ ಸೂಜಿಯ ಕೆಳಗೆ ಕೈ ಹೋದರೆ, ಪಕ್ಕದವಳು ಮಣಿಕಟ್ಟು ಹಿಡಿದೆಳೆದು “ಬೆರಳು!” ಎಂದು ಕೂಗುವುದು ನಮ್ಮ ಸಾಲಿನ ರೂಢಿ.

“ನಮ್ಮ ಕಣೇಕಲ್ಲ ಕೆರೀನ ಇಷ್ಟೈತಿ, ಸಮುದ್ರ ಎಷ್ಟಿರಬೇಕಲೇ ವೇಣಿ?” ಎಂದು ಓಬಕ್ಕ ಕೇಳುತ್ತಿದ್ದಳು.

“ನಿನ್ನ ಬಾಯಿಗಿಂತ ಸಣ್ಣದಿರಬೇಕು ಬಿಡಕ್ಕ.”

“ನನ್ನ ಬಿಟ್ಟು ನೋಡಾಕ ಹೋದ್ರ ನೋಡು ಮತ್ತ!”

ಜ್ವರ ಬಂದವಳಿಗೆ ರಜೆ ಕೊಡದೆ ದುಡಿಸಿ ಆ ಯೂನಿಟ್ಟು ಅವಳನ್ನು ಕೊಂದಿತು. ಸತ್ತಳು ಎಂದು ನಾನು ಬರೆಯಲಾರೆ.

ಎರಡು ವರ್ಷದ ಮೇಲೆ, ಬೆನ್ನಿಗೆ ಚೀಲ ಹಾಕಿಕೊಂಡು, ಸಿಕ್ಕಲ್ಲಿ ಹೊಲಿಗೆ ಕೆಲಸ ಮಾಡುತ್ತಾ ದೇಶ ದೇಶ ಸುತ್ತುತ್ತಿದ್ದ ನಾನು ಪನಾಮಾದಲ್ಲಿ ಹಾಯಿದೋಣಿ ಹತ್ತಿದೆ. ಕೊಲಂಬಿಯಾಕ್ಕೆ ಐದು ದಿನದ ದಾರಿ. ಹರಿದ ಹಾಯಿ ಹೊಲಿದುಕೊಡುವೆನೆಂದು ಜಾಗ ಗಿಟ್ಟಿಸಿದ್ದೆ. ಈ ಕೈಗಳೇ ನನ್ನ ಟಿಕೆಟ್ಟು.

ಹೊರಡುವ ಬೆಳಿಗ್ಗೆ ಹಾಯಿ ಏರಿಸಲು ಹಗ್ಗ ಹಿಡಿದವಳು ಸಮುದ್ರ ನೋಡುತ್ತಾ ಮೈಮರೆತೆ. ಹಗ್ಗದ ಜೊತೆಗೇ ನನ್ನ ಬಲಗೈ ರಾಟೆಯತ್ತ ಜಾರುತ್ತಿತ್ತು. ಇದ್ದಕ್ಕಿದ್ದಂತೆ ಮಷೀನಿನ ಎಣ್ಣೆಯ ವಾಸನೆ ಬಂತು. ಸುಡುವ ಕೈಯೊಂದು ನನ್ನ ಮಣಿಕಟ್ಟು ಹಿಡಿದೆಳೆಯಿತು.

“ಬೆರಳಲೇ!”

ಮರುಗಳಿಗೆಯೇ ಹಗ್ಗ ರಾಟೆಗೆ ಬಿಗಿದು ಕಿರುಗುಟ್ಟಿತು. ಕ್ಯಾಪ್ಟನ್ ದೋಣಿಯ ಆ ತುದಿಯಲ್ಲಿದ್ದ. ನನ್ನ ಪಕ್ಕ ಯಾರೂ ಇರಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ. ಸರಿದು ಜಾಗ ಮಾಡಿಕೊಟ್ಟೆ.

“ಇವತ್ತ ನಿಂಗ ರಜಾ ಐತಕ್ಕ, ಕುಂದ್ರು.”

ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ನೀಲಿ ಗುರುತಿತ್ತು, ಹೊಸ ಜೀನ್ಸ್ ಬಟ್ಟೆ ಹೊಲಿಯುವವರ ಕೈಗೆ ಹತ್ತುವ ನೀಲಿ. ಐದು ದಿನ ಉಪ್ಪುನೀರಲ್ಲಿ ನೆನೆದ ಮೇಲೆ, ಕೊಲಂಬಿಯಾದ ದಡ ಕಂಡಾಗಲೂ ಅದು ಹಸಿಯಾಗಿಯೇ ಇತ್ತು, ಮುಟ್ಟಿದರೆ ಅಂಟುತ್ತಿತ್ತು.