ಕರ್ಸರ್ ನಿಂತ ಜಾಗ

ಫಕೀರಪ್ಪ ಬಡಿಗೇರರು ಮನಸ್ಸಿನಲ್ಲೇ 'ಎಡಕ್ಕೆ' ಎಂದುಕೊಂಡರು. ಪರದೆಯ ಮೇಲಿನ ಕರ್ಸರ್ ಎಡಕ್ಕೆ ಸರಿಯಿತು. ಲಿಫ್ಟ್ ರಿಪೇರಿಗೆ ಹೋಗಿ ಬಿದ್ದು, ಮೈಯಲ್ಲಿ ಚಲನೆಯೇ ಇಲ್ಲದೆ, ಮಾತೂ ನಿಂತು ಮಲಗಿದ್ದ ಅವರಿಗೆ ಆ ಮಿಣುಕುವ ಗೆರೆಯೇ ಬಾಯಿ. ತಲೆಗೆ ತೊಡಿಸಿದ ತೆಳು ಟೋಪಿ ಮಿದುಳಿನ ಸಂಕೇತಗಳನ್ನು ಓದಿ ಅದನ್ನು ನಡೆಸುತ್ತಿತ್ತು. ಅದನ್ನು ಕಂಡುಹಿಡಿದ ಅನಸೂಯಾ ಹಂಚಿನಾಳ ದಿಂಬಿನ ಪಕ್ಕದಲ್ಲೇ ನಿಂತಿದ್ದಳು. ೨೦೬೧ರ ಹುಬ್ಬಳ್ಳಿಯಲ್ಲಿ ಅವಳನ್ನು ಹೊಗಳದ ಪತ್ರಿಕೆ ಇರಲಿಲ್ಲ.

ಪರದೆಯ ಮೇಲ್ಭಾಗದ ಎಡಿಟರಿನಲ್ಲಿ ರೋಗಿ ತೋಚಿದ್ದನ್ನು ಬರೆಯಬಹುದು, ಅಳಿಸಬಹುದು. ಅದರೊಳಗೇ ಕೆಳಗೊಂದು ಟರ್ಮಿನಲ್, ಅಂದರೆ ಯಂತ್ರಕ್ಕೆ ನೇರ ಆಜ್ಞೆ ಕೊಡುವ ಕಿಟಕಿ. ಅಲ್ಲಿ ಕೊಟ್ಟ ಉತ್ತರವನ್ನು ಯಾರೂ ತಿದ್ದಲಾಗದು. ಹೀಗಾಗಿ ಜೀವದ ಪ್ರಶ್ನೆಯನ್ನು ಅಲ್ಲೇ ಕೇಳಬೇಕೆಂದು ನಿಯಮ. ಇವತ್ತಿನ ಪ್ರಶ್ನೆ: ಉಸಿರಿನ ನಳಿಗೆ ಇರಲಿಯೇ, ತೆಗೆಯಲೇ? ಅದೇ ಸಾಲಿನಲ್ಲಿ ಪಕ್ಕಪಕ್ಕ ಎರಡು ಉತ್ತರ; ಕರ್ಸರ್ ಯಾವುದರ ಮೇಲೆ ನಿಂತರೆ ಅದೇ ರೋಗಿಯ ಆಯ್ಕೆ.

"ಅಕ್ಷರ ಭಾಳ ಸಣ್ಣವದಾವು, ನನಗ ಕಾಣವಲ್ವು" ಎಂದರು ಹೆಂಡತಿ ರುದ್ರವ್ವ.

ನರ್ಸ್ ಕನಿಕರದಿಂದ ಅಕ್ಷರ ದೊಡ್ಡದು ಮಾಡಿದಳು. ಸಾಲು ಮುರಿದು ಎರಡಾಯಿತು. ಕರ್ಸರ್ ಸರಿದು ನಿಂತಿತು. ಉತ್ತರ ಮೂಡಿತು: 'ತೆಗೆಯಿರಿ.' ನಿಯಮದಂತೆ ವೈದ್ಯರು ಮೂರು ಸಲ ಕೇಳಿದರು, ಮೂರು ಸಲವೂ ಅದೇ. ಆಮೇಲೆ ಯಾರೂ ಒತ್ತಾಯಿಸಿ ಮನಸ್ಸು ಬದಲಿಸಬಾರದೆಂದು ಎಡಿಟರ್ ತಾನಾಗಿ ಮುಚ್ಚಿಕೊಂಡಿತು. ಅಂದೇ ಮಧ್ಯಾಹ್ನ ನಳಿಗೆ ತೆಗೆದರು. ಫಕೀರಪ್ಪ ತೀರಿಕೊಂಡರು.

ಎಂಟು ದಿನದ ನಂತರ ಅನಸೂಯಾ ವರದಿ ಬರೆಯಲು ಟೋಪಿಯ ದಾಖಲೆ ತೆರೆದಳು. ಎಡಿಟರ್ ಮುಚ್ಚಿದ ಮೇಲೂ ಟೋಪಿ ಹನ್ನೊಂದು ನಿಮಿಷ ತಲೆಯ ಮೇಲೇ ಇತ್ತು. ಅಷ್ಟೂ ಹೊತ್ತು ಒಂದೇ ಸಂಕೇತ: ಎಡಕ್ಕೆ, ಎಡಕ್ಕೆ, ಎಡಕ್ಕೆ. ಆರುನೂರ ಹನ್ನೆರಡು ಸಲ. ಎಡಗಡೆ ಇದ್ದ ಪದ 'ಇರಲಿ.'

ಆ ದಿನ ನರ್ಸ್ ಅಕ್ಷರ ದೊಡ್ಡದು ಮಾಡಿದ್ದು ಅವಳಿಗೆ ನೆನಪಾಯಿತು. ಪ್ರಯೋಗಾಲಯದ ಯಂತ್ರದಲ್ಲೂ ಅಕ್ಷರ ದೊಡ್ಡದು ಮಾಡಿ ನೋಡಿದಳು. ಎಡಿಟರಿನಲ್ಲಿ ಎಲ್ಲ ಸರಿಯಿತ್ತು. ಟರ್ಮಿನಲ್ ಮಾತ್ರ ಮುರಿದ ಸಾಲನ್ನು ಹಳೆಯ ಉದ್ದಕ್ಕೇ ಎಣಿಸುತ್ತಿತ್ತು. ಎಡಕ್ಕೆ ಎಷ್ಟು ಸರಿಸಿದರೂ ಕರ್ಸರ್ 'ಇರಲಿ' ತಲುಪದೆ 'ತೆಗೆಯಿರಿ' ಮೇಲೇ ನಿಲ್ಲುತ್ತಿತ್ತು. ನಾಲ್ಕು ವರ್ಷದ ಪರೀಕ್ಷೆಯಲ್ಲಿ ಒಬ್ಬರೂ ಅಕ್ಷರ ದೊಡ್ಡದು ಮಾಡಿರಲಿಲ್ಲ. ಅಲ್ಲಿದ್ದವರೆಲ್ಲ ಕಣ್ಣು ಚುರುಕಿದ್ದ ಎಳೆಯರು.

"ಹೇಳಿದ್ರ ಹ್ವಾದ ಜೀವ ಬರ್ತದೇನು?" ಎಂದರು ವಿಷಯ ಕೇಳಿದ ಪ್ರಯೋಗಾಲಯದ ನಿರ್ದೇಶಕರು. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಹೆಸರು ಉಳಿಯುತ್ತಿತ್ತು. ಆದರೂ ಅವಳು ರುದ್ರವ್ವನ ಮನೆಗೆ ಹೋದಳು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಏನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು.

ರುದ್ರವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನನಗ ಗೊತ್ತಿತ್ರೀ ಅಕ್ಕಾರ" ಎಂದರು. "ಮೂವತ್ತೊಂದು ವರ್ಷ ನೋಡಿದ ಮುಖ. ಕಣ್ಣಾಗ ಸಾಯಾಕ ಒಲ್ಲೆ ಅಂತಿತ್ತು. ನಾ ಇನ್ನೇನು ಹೇಳಬೇಕು, ಅಷ್ಟರಾಗ ನಿಮ್ಮ ಮಷೀನು ಮತ್ತ ತೆಗೀರಿ ಅಂತು. ಕಲ್ತವ್ರು ಮಾಡಿದ್ದು, ಅದ ಖರೆ ಇರಬೇಕು, ನನ್ನ ಕಣ್ಣ ಸುಳ್ಳು ಅನ್ಕೊಂಡು ಸುಮ್ನಾದೆ."

ಫಕೀರಪ್ಪನವರ ಕಣ್ಣು ಆ ಹೊತ್ತು ಹೇಗಿತ್ತೆಂದು ಅನಸೂಯಾ ನೆನಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ವೈದ್ಯರು, ನರ್ಸ್, ಅವಳು, ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ದಿಂಬಿನ ಪಕ್ಕದಲ್ಲೇ ನಿಂತಿದ್ದರೂ ಅವಳು ಅವರ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.