ಹೆಣ್ಣು ಹಂದಿಯ ಕೊಂಬು

ಪಿಸ್ತೂಲು ನನ್ನ ಎದೆಗೆ ನೇರವಾಗಿತ್ತು. ನನ್ನ ಎರಡೂ ಕೈ ಹಂದಿಯ ತಲೆಬುರುಡೆಯ ಮೇಲಿದ್ದವು. ಬುರುಡೆ ಮೂರನೇ ಮಹಡಿಯ ಕಿಟಕಿಯ ಅಂಚಿನಲ್ಲಿತ್ತು.

"ಹೊಡಿ... ನನ್ನ ಜೊತೆ ಇದೂ ಕೆಳಗೆ ಬೀಳುತ್ತೆ," ಅಂದೆ.

ಬೋಳುತಲೆಯ ದಲ್ಲಾಳಿ ಹೊಡೆಯಲಿಲ್ಲ.

ಅದು ಕುಬನೊಕೀರಸ್. ಕೋಟಿ ವರ್ಷದ ಹಿಂದೆಯೇ ನಿರ್ವಂಶವಾದ ದೈತ್ಯ ಹಂದಿ. ಹಣೆಯ ಮೇಲೆ ಒಂಟಿ ಕೊಂಬು. ಇವನು ಅದರ ಬುರುಡೆಯ ಪಳೆಯುಳಿಕೆಯನ್ನು ಮ್ಯೂಸಿಯಮ್ಮಿಗೆ ಮಾರಿದ್ದ. ಕೊಂಬು ನಕಲಿ ಎಂದು ಅವರು ವಾಪಸ್ ಕಳಿಸಿದರು. ತಪ್ಪು ಹೊರಿಸಿದ್ದು ಮಾತ್ರ ಮ್ಯೂಸಿಯಮ್ಮಿನಲ್ಲೇ ಮೂಳೆ ಜೋಡಿಸುತ್ತಿದ್ದ ನನ್ನ ಅಣ್ಣನ ಮೇಲೆ. ಅಣ್ಣ ಕೊರಗಿ ಕೊರಗಿಯೇ ಸತ್ತ. ನಿಮ್ಮಣ್ಣ ಮಾಡಿಲ್ಲ ಎಂಬ ಒಂದು ಮಾತು ತಂದುಕೊಡು ಎಂದು ಅತ್ತಿಗೆ ನನ್ನನ್ನು ಬೇಡಿಕೊಂಡಿದ್ದರು.

ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಅಣ್ಣ ಬ್ರಷ್ ಹಿಡಿದು ಮೂಳೆಯ ಧೂಳು ಕೊಡವುತ್ತಾ ಕೂತಿರುತ್ತಾನೆ. ತಲೆ ಎತ್ತುವುದೇ ಇಲ್ಲ.

"ಕೊಂಬು ಅಂಟಿಸಿದ್ದು ನಾನೇ ಅಂತ ಬರೆದುಕೊಡು," ಅಂದೆ ದಲ್ಲಾಳಿಗೆ.

"ಇದರ ಕೋರೆ ನೋಡು, ಎಷ್ಟು ಸಣ್ಣದು. ಇದು ಹೆಣ್ಣು. ಕೊಂಬು ಇರೋದು ಗಂಡಿಗೆ ಮಾತ್ರ," ಅಂದ. "ಕೊಂಬಿಲ್ಲದೆ ಇವಳನ್ನ ಯಾರೂ ಕೊಳ್ಳಲ್ಲ, ನನ್ನ ಗೋಡೌನಲ್ಲೇ ಪುಡಿಯಾಗ್ತಾಳೆ ಅಂತ ನಿಮ್ಮಣ್ಣನಿಗೆ ಸಂಕಟ. ಅವನೇ ಮಾಡಿಕೊಟ್ಟ."

"ಸುಳ್ಳು."

"ಮುರಿದು ನೋಡು."

ಮುರಿದೆ. ಒಳಗೆ ಬರೀ ಪ್ಲಾಸ್ಟರ್. ಪ್ಲಾಸ್ಟರ್ ಗಟ್ಟಿಯಾಯಿತೇ ಎಂದು ಅಣ್ಣ ಯಾವಾಗಲೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಕೊಂಬಿನ ಬುಡದಲ್ಲಿ ಆ ಗುರುತಿತ್ತು... ಅರ್ಧ ಹೆಬ್ಬೆರಳು!

ಉಳಿದರ್ಧ ಹೋಗಿದ್ದು ನನ್ನಿಂದ. ಆರು ವರ್ಷದವನಿದ್ದಾಗ ಸಿಟ್ಟಿನಲ್ಲಿ ಬಾಗಿಲು ಬಡಿದಿದ್ದೆ. ಸಂದಿಯಲ್ಲಿ ಅಣ್ಣನ ಬೆರಳಿತ್ತು. ಗಾಳಿಗೆ ಬಡೀತಮ್ಮ ಎಂದು ಅಮ್ಮನಿಗೆ ಹೇಳಿದ. ಸಾಯುವವರೆಗೂ ಅದನ್ನೇ ಹೇಳಿದ.

ದಲ್ಲಾಳಿ ನನ್ನ ಮುಖ ನೋಡಿ ಪಿಸ್ತೂಲನ್ನು ಡ್ರಾಯರಿನೊಳಗೆ ಇಟ್ಟ. ಇನ್ನು ಅದರ ಅಗತ್ಯವಿರಲಿಲ್ಲ.

ಬುರುಡೆಯನ್ನು ಮೇಜಿನ ಮೇಲಿಟ್ಟೆ. ಪ್ಲಾಸ್ಟರ್ ಚೂರನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ಹೊರಗೆ ರಣಬಿಸಿಲು. ಜೇಬಿನಲ್ಲಿ ನನ್ನ ಹೆಬ್ಬೆರಳು ತಾನಾಗಿಯೇ ಆ ಗುಳಿ ಹುಡುಕಿಕೊಂಡು ಹೋಗಿ ಕೂತಿತ್ತು. ಭಯವಾಯಿತು. ಅಳುವೂ ಬಂತು.

ಅಷ್ಟರಲ್ಲಿ ಅತ್ತಿಗೆಯ ಫೋನ್.

"ಏನಾಯ್ತಪ್ಪ? ಆ ಕೊಂಬು ಮಾಡಿದ್ದು ಯಾರು?"

"ಯಾರೂ ಅಲ್ಲ ಅತ್ತಿಗೆ. ಕೊಂಬು ಅಸಲಿ. ಮ್ಯೂಸಿಯಮ್ಮಿನವರಿಗೆ ಕಣ್ಣಿಲ್ಲ."

ಅವತ್ತು ಗಾಳಿಗೆ ಬಾಗಿಲು ಬಡಿದಿತ್ತು. ಇವತ್ತು ಹೆಣ್ಣು ಹಂದಿಗೆ ತಾನಾಗಿಯೇ ಕೊಂಬು ಮೂಡಿತು.

ನಮ್ಮ ಮನೆಯಲ್ಲಿ ಯಾರೂ ಏನೂ ಮಾಡಿದವರೇ ಅಲ್ಲ.