ಮೀರ್ ಸಾದಿಕನ ಹಸಿರು ನಿಲುವಂಗಿ

ಬೆಳಿಗ್ಗೆ ಕೋಗಿಲು ಶಾಲೆಯ ಕೋಣೆ ತೆಗೆದರೆ, ಮುನಿಕೃಷ್ಣಪ್ಪನವರ ಬೆಳ್ಳಿ ಹಿಡಿಯ ಕತ್ತಿ ಇಲ್ಲ! ತಾತನ ಕಾಲದ್ದು. ಹಿಂದಿನ ರಾತ್ರಿಯ ಟಿಪ್ಪು ನಾಟಕಕ್ಕೆಂದು ನಂಬಿ ಕೊಟ್ಟಿದ್ದರು.

"ಗಯಾಸನೇ ಕದ್ದಿರೋದು," ಎಂದಿತು ಊರು. ಪಾಪ, ಅವನು ಆಡಿದ್ದು ಮೀರ್ ಸಾದಿಕನ ಪಾರ್ಟು. ಇತಿಹಾಸದಲ್ಲಿ ಆ ದ್ರೋಹಿ ದೊರೆಗಿಂತ ಮೊದಲೇ ಸತ್ತನಂತೆ. ಕೋಗಿಲಿನಲ್ಲಿ ಮಾತ್ರ ಕೊನೆವರೆಗೂ ಬದುಕಿದ್ದು ಜನರ ಕೈಲಿ ಟೊಮೇಟೊ ಏಟು ತಿನ್ನುತ್ತಾನೆ. ದೊರೆಗೇ ಎರಡು ಬಗೆದವನು ಕತ್ತಿ ಬಿಟ್ಟಾನೆಯೇ!

ಪೊಲೀಸ್ ಕೇಸಾದರೆ ಗಯಾಸನ ಕಾರ್ಖಾನೆ ಕೆಲಸ ಹೋದಂತೆ, ಅನ್ನಕ್ಕೇ ಕಲ್ಲು. ಅವನನ್ನು ಎತ್ತಿ ಆಡಿಸಿದ್ದ ರಿಟೈರ್ಡ್ ದಫೇದಾರ್ ನರಸಯ್ಯ ಮುಂದೆ ಬಂದ. "ಮಧ್ಯಾಹ್ನದವರೆಗೆ ತಡೀರಿ," ಎಂದು ಮುನಿಕೃಷ್ಣಪ್ಪನವರನ್ನು ಬೇಡಿಕೊಂಡ.

"ನೀಲಕ್ಕ, ನೀನು ನೋಡಿದ್ದೇನು?"

ನಾಟಕದವರಿಗೆ ಅಡುಗೆ ಮಾಡಿದ್ದ ನೀಲಕ್ಕ ಕೈ ತಿರುವಿದಳು. "ಪರದೆ ಬಿದ್ದಿದ್ದೇ ತಡ, ನನ್ನ ಒಲೆ ಮುಂದೇನೇ ಓದ ಕಣಣ್ಣ. ಮುಖಕ್ಕೆ ಮುಸುಕು, ಅಸಿರು ನಿಲುವಂಗಿ, ಕಂಕುಳಲ್ಲಿ ಕತ್ತಿ."

"ನಿಲುವಂಗಿ ಕೊಳೆಯಾಗಿತ್ತಾ?"

"ಕೊಳೆ ಎಲ್ಲಿ ಬಂತು? ಫಳಫಳ ಒಳೀತಿತ್ತು!"

ನರಸಯ್ಯ ತಿರುಗಿದ. "ಗಯಾಸ್, ಆಗ ನೀನೆಲ್ಲಿದ್ದೆ?"

"ಬಾವಿ ಹತ್ರ, ಮಾಮ. ನಿಲುವಂಗಿ ಒಗೀತಿದ್ದೆ. ಯಾರೂ ನೋಡ್ಲಿಲ್ಲ."

"ಬಾಡಿಗೆ ಬಟ್ಟೆ ಗಂಟು ತಂದೋರು ಯಾರು?"

"ನಾನು," ಎಂದ ಚನ್ನಕೇಶವ. ಟಿಪ್ಪು ಆಡಿದವನು, ಗಯಾಸನ ಚಡ್ಡಿ ದೋಸ್ತ್. ಇಬ್ಬರದೂ ಒಂದೇ ಕಾರ್ಖಾನೆ; ಈ ಸಲ ಒಂದೇ ಪ್ರಮೋಷನ್ನಿಗೆ ಇಬ್ಬರ ಹೆಸರೂ ಹೋಗಿತ್ತು.

"ಹಸಿರು ನಿಲುವಂಗಿ ಎಷ್ಟಿತ್ತು?"

"ಎರಡು— ಯಾಕೆ?"

"ಅಲ್ಲಯ್ಯಾ, ಕದಿಯೋನು ಯಾವನಾದ್ರೂ ವೇಷ ಹಾಕ್ಕೊಂಡು ಒಲೆ ಬೆಳಕಲ್ಲಿ ಹಾದು ಹೋಗ್ತಾನಾ? ಗಯಾಸ್ ಅಂತ ಕಾಣಲಿ ಅಂತಲೇ ಹೋಗಿದ್ದು! ಆದ್ರೆ ಕೊನೇ ಸೀನಲ್ಲಿ ಅವನು ದೊರೆ ಹೆಣದ ಮುಂದೆ ನಕ್ಕಾಗ ಊರೆಲ್ಲ ಕೊಳೆತ ಟೊಮೇಟೊ ಬೀಸ್ತು. ನಾನೂ ಎರಡು ಬೀಸಿದೆ. ಅವನ ನಿಲುವಂಗಿ ಸಾರಿನ ಪಾತ್ರೆ ಥರ ಆಗಿತ್ತು. ಅದನ್ನ ನೋಡಿದೋನು ಫಳಫಳ ಹೊಳೆಯೋದನ್ನ ತೊಡ್ತಿದ್ನಾ? ನೀಲಕ್ಕ ಒಲೆ ಬಿಟ್ಟು ಬಂದಿರ್ಲಿಲ್ಲ. ಅವಳನ್ನ ಬಿಟ್ಟರೆ ನೋಡದೆ ಇದ್ದೋನು ಒಬ್ಬನೇ— ಮುಖದ ಮೇಲೆ ಶಾಲು ಹೊದ್ದು ಹೆಣವಾಗಿ ಮಲಗಿದ್ದ ಟಿಪ್ಪು!"

ಕತ್ತಿ ಚನ್ನಕೇಶವನ ಮನೆಯ ಹುಲ್ಲಿನ ಬಣವೆಯಲ್ಲಿ ಸಿಕ್ಕಿತು.

ಗಯಾಸನಿಗೆ ಅಳು ತಡೆಯಲಾಗಲಿಲ್ಲ. "ಆ ಹಾಳು ಪಾರ್ಟು ಯಾರೂ ಬೇಡ ಅಂದಾಗ, ನೀನು ಟಿಪ್ಪು ಆಗ್ಲಿ ಅಂತ ನಾನು ಒಪ್ಕೊಂಡೆ. ಪ್ರಮೋಷನ್ನೂ ಅಷ್ಟೇ— ಒಂದು ಮಾತು ಕೇಳಿದ್ದಿದ್ರೆ ಬಿಟ್ಟುಕೊಡ್ತಿದ್ದೆ ಕಣೋ, ಕೇಶವ."